ಕಡಲಿಗೆ ಬೀಗರ ಹಾಡು

ಅರಬ್ಬೀ ಸಮುದ್ರದ ನೀರಿಳಿಸಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ನಮ್ಮ ಅತ್ತಿಗೆ!

ಇದಕ್ಕೆ ಅವರಿಗೆ ಹಡಗು ಬೇಕಾಗಲಿಲ್ಲ, ತೋಪು ಬೇಕಾಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯನ್ನು ನಡುವಿನ ಮೇಲಿಟ್ಟು, ಬಲಗೈಯ ತೋರುಬೆರಳನ್ನು ನೇರ ಪಡುವಣಕ್ಕೆ ಚಾಚಿ ನಿಂತರೆಂದರೆ ಮುಗಿಯಿತು. ದಿನಾ ಸಂಜೆ ಅರ್ಧ ಗಂಟೆ ಬೈಗುಳ. ಬರೀ ಬೈಗುಳವಲ್ಲ, ರಾಗವಾಗಿ, ಪ್ರಾಸವಾಗಿ, ನಾಲ್ಕು ಸಾಲಿಗೊಂದು ನುಡಿಯಂತೆ! ಇಳಿತದ ಹೊತ್ತಿಗೆ ನೀರು ಹಿಂದೆ ಸರಿಯುತ್ತದೆ ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಅತ್ತಿಗೆ ನನ್ನ ಕಡೆ ತಿರುಗಿ, "ಕಂಡ್ಯಾ ತಮಾ? ನಾಚ್ಕೆ ಆತು ಅಂವಂಗೆ. ಹಿಂದೆ ಹೋದ," ಅನ್ನುತ್ತಿದ್ದರು. ಆರು ತಾಸು ಬಿಟ್ಟು ಅವನು ಮತ್ತೆ ಮುಂದೆ ಬರುತ್ತಾನಲ್ಲ ಅಂತ ಕೇಳಿದರೆ, "ಗಂಡಸ್ರ ನಾಚ್ಕೆ ಅಷ್ಟೇ ಹೊತ್ತು" ಎಂಬ ಉತ್ತರ ತಯಾರಾಗಿರುತ್ತಿತ್ತು.

ನಮ್ಮದು ತೆಂಗಿನಗುಂಡಿಗೂ ಮುರ್ಡೇಶ್ವರಕ್ಕೂ ನಡುವೆ ಇರುವ ಒಂದು ಕಡಲಬದಿಯ ಕೇರಿ. ಅತ್ತಿಗೆ ನನ್ನ ಅಣ್ಣನ ಹೆಂಡತಿ. ಅವರು ಮದುವೆಯಾಗಿ ಬಂದಾಗ ನನಗೆ ಏಳು ವರ್ಷ. ನಮ್ಮ ತಾಯಿ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ಹೊಸ ಮದುಮಗಳಿಗೆ ಗಂಡನ ಜೊತೆಗೆ ಮೂಗು ಸೋರುವ ಮಗನೊಬ್ಬ ಪುಕ್ಕಟೆಯಾಗಿ ಸಿಕ್ಕಿದ! ತಾರ್ಲೆ ಮೀನಿನ ಮುಳ್ಳು ಬಿಡಿಸಿ ನನಗೆ ತುತ್ತು ಕೊಟ್ಟವರು ಅವರು. ಅಣ್ಣನ ಹತ್ತಿರ ಜಗಳ ಮಾಡಿ ನನ್ನನ್ನು ಹೈಸ್ಕೂಲಿಗೆ ಕಳಿಸಿದವರೂ ಅವರೇ. ನನ್ನ ಹೆಸರು ಹಿಡಿದು ಅವರು ಕರೆದದ್ದು ನನಗೆ ನೆನಪಿಲ್ಲ. ಅಂದಿಗೂ 'ತಮಾ', ತಲೆಯಲ್ಲಿ ಒಂದೂ ಕಪ್ಪು ಕೂದಲಿಲ್ಲದ ಇಂದಿಗೂ 'ತಮಾ'.

ಈಗ ಅವರ ಹಾಡಿನ ವಿಷಯ. ನಮ್ಮ ಕಡೆ ಮದುವೆಯಲ್ಲಿ ಗಂಡಿನ ದಿಬ್ಬಣ ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಹಂಗಿಸಿ ಹಾಡುತ್ತಾರೆ. ಇವನ ಹೊಟ್ಟೆ, ಅವನ ಬೋಳುತಲೆ, ಮತ್ತೊಬ್ಬನ ಜಿಪುಣತನ, ಯಾವುದನ್ನೂ ಬಿಡುವುದಿಲ್ಲ. ಬೀಗರು ಸಿಟ್ಟಾಗಬಾರದು. ತಲೆ ತಗ್ಗಿಸಿ ಪಾಯಸ ಉಣ್ಣಬೇಕು. ಸುತ್ತಲಿನ ಹತ್ತು ಊರಿನಲ್ಲಿ ಈ ವಿದ್ಯೆಗೆ ಅತ್ತಿಗೆಯೇ ದೊಡ್ಡ ಹೆಸರು. ಓದು ಬರಹ ಇಲ್ಲ, ಆದರೆ ನಿಂತ ಕಾಲಲ್ಲಿ ನುಡಿ ಕಟ್ಟುತ್ತಿದ್ದರು. ಅವರಿಗೆ ಒಂದೇ ಒಂದು ಹಟ. ಇಲ್ಲದ್ದನ್ನು ಹಾಡಬಾರದು! ಗಂಡಿನ ಸೋದರಮಾವ ಗೊರಕೆ ಹೊಡೆಯುತ್ತಾನೆ ಅಂತ ಹಾಡಬೇಕಾದರೆ ಮೊದಲು ಅದು ಖಾತ್ರಿಯಾಗಬೇಕು. ಒಂದು ಸಲ ಹಾಗೆ ಖಾತ್ರಿ ಮಾಡಿಕೊಳ್ಳಲು ಶಿರಾಲಿಯಿಂದ ಕುಮಟೆಯವರೆಗೆ ಬಸ್ಸಿನಲ್ಲಿ ಆ ಮಾವನ ಹಿಂದಿನ ಸೀಟಿನಲ್ಲಿ ಕೂತು ಹೋದವರು ಅವರು! ವಾಪಸು ಬಂದು, "ಮಂಕಿ ಸ್ಟಾಪು ದಾಟೂಕೂ ಮುಂಚೆನೇ ಶುರು ಮಾಡ್ದ," ಅಂತ ವರದಿ ಒಪ್ಪಿಸಿದರು. ಹೀಗಾಗಿ ಅತ್ತಿಗೆ ಹಾಡಿದರು ಅಂದಮೇಲೆ ಅದು ನಿಜ ಎಂದು ಜನ ತಿಳಿದಿದ್ದರು.

ಮುಂದೆ ಮದುವೆಗಳೆಲ್ಲ ಕಲ್ಯಾಣಮಂಟಪದ ಹಾಲಿಗೆ ಹೋದವು. ಅಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳು. ಹೆಂಗಸರ ಹಾಡು ಯಾರಿಗೆ ಕೇಳಬೇಕು? ಅತ್ತಿಗೆಗೆ ಹಂಗಿಸಲು ಬೀಗರೇ ಸಿಗದ ಕಾಲ ಬಂತು. ಅದೇ ಹೊತ್ತಿಗೆ ಕಡಲು ನಮ್ಮ ಹಿತ್ತಲಿಗೆ ಕಾಲಿಟ್ಟಿತು. ಮೊದಲ ಮಳೆಗಾಲ ಎರಡು ತೆಂಗಿನಮರ, ಮುಂದಿನ ಮಳೆಗಾಲ ಐದು. ಮೂರನೆಯ ವರ್ಷ ಅತ್ತಿಗೆಯ ಬಾವಿಯ ನೀರು ಚೌಳಾಯಿತು. ಆ ದಿನ ಅವರು ಕೊಡವನ್ನು ಬಾವಿಕಟ್ಟೆಯ ಮೇಲೇ ಕುಕ್ಕಿ ಸೀದಾ ದಂಡೆಗೆ ಹೋದರು. ಏನೋ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಾರೆಂದು ಹೆದರಿ ನಾನು ಹಿಂದೆ ಓಡಿದೆ. ಅವರು ನೀರಿನ ಅಂಚಿನಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡರು. ಆಮೇಲೆ ಶುರುವಾಯಿತು:

ಕರೆಯದೆ ಬಂದಂಥ ಬೀಗಣ್ಣ ಕಡಲಣ್ಣ
ಎಷ್ಟುಂಡ್ರೂ ಹೊಟ್ಟೆ ತುಂಬ್ಲಿಲ್ಲ
ತೆಂಗಿನ ಮರ ನುಂಗ್ದೆ, ಬುಡ ಸೈತ ನುಂಗ್ದೆ
ತೇಗೂಕೂ ನಿಂಗೆ ನಾಚ್ಕಿಲ್ಲ!

"ಅತ್ತಿಗೆ, ಎಂತ ಮಾಡ್ತಿದ್ರಿ?" ಅಂದೆ.

"ಕಾಣೂದಿಲ್ವಾ? ಬೀಗನ್ನ ಮಾತಾಡಿಸ್ತಿದ್ದೆ. ಕರೀದೇ ಬಂದು ಉಂಡು ಹೋಗೂ ಬೀಗ ಇಂವ ಒಬ್ನೇ ಉಳ್ದಂವ."

ಅಲ್ಲಿಂದ ಇದು ದಿನಚರಿಯಾಯಿತು. ಮುರ್ಡೇಶ್ವರಕ್ಕೆ ಬಂದ ಪ್ರವಾಸಿಗರು ದಂಡೆಗುಂಟ ನಡೆಯುತ್ತ ನಮ್ಮ ಕಡೆಗೂ ಬರುವುದುಂಟು. ಒಂದು ಸಂಜೆ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಅತ್ತಿಗೆಯ ಹಾಡು ಮುಗಿಯುವವರೆಗೆ ಕೈಮುಗಿದು ನಿಂತಿತ್ತು. ಕೊನೆಗೆ ಆ ಹೆಂಗಸು ಭಕ್ತಿಯಿಂದ, "ಅಮ್ಮಾರ, ಇದು ಯಾವ ಪೂಜೇರಿ? ಪ್ರಸಾದ ಏನಾರ ಐತ್ರೀ?" ಅಂತ ಕೇಳಿದಳು.

"ಪೂಜೆ ಅಲ್ಲ ಮಗಾ, ಬೈಗಳು!"

ಆಕೆ ಒಂದು ಕ್ಷಣ ಯೋಚಿಸಿ, "ಹಂಗಾರ ನಮ್ಮ ಪರವಾಗಿ ಎರಡು ಬೈದು ಬಿಡ್ರಿ. ಮುಂಜಾನೆ ನಮ್ಮ ಯಜಮಾನ್ರ ಚಾಳೀಸು ಒಯ್ದೈತ್ರಿ," ಅಂದಳು. ಅತ್ತಿಗೆ ಆ ಯಜಮಾನರ ಕಣ್ಣು ಎಷ್ಟು ಮಂಜು ಎಂದು ವಿಚಾರಿಸಿ ತಿಳಿದುಕೊಂಡೇ ಚಾಳೀಸಿನ ಮೇಲೆ ಒಂದು ನುಡಿ ಕಟ್ಟಿದರು!

ಇನ್ನೊಂದು ಸಲ ಕಡಲಕೊರೆತ ನೋಡಲು ಸಾಹೇಬರೊಬ್ಬರು ಬಂದರು. ಒಳ್ಳೆಯ ಮನುಷ್ಯ. "ಅರ್ಜಿ ಬರೆದು ಕೊಡಿ ಅಮ್ಮ, ಕಲ್ಲು ಹಾಕಿಸಲು ಮೇಲಕ್ಕೆ ಕಳಿಸುತ್ತೇನೆ," ಅಂದರು.

"ನಂಗೆ ಬರೂಕೆ ಬರೂದಿಲ್ಲ ಸಾಹೇಬ್ರೆ. ಹಾಡ್ತೆ, ನೀವು ಬರ್ಕಣಿ," ಅಂತ ಅತ್ತಿಗೆ ಹನ್ನೊಂದು ನುಡಿ ಹಾಡಿದರು. ಜೊತೆಯಲ್ಲಿದ್ದ ಗುಮಾಸ್ತ ಪಾಪ, ಬೆವರು ಒರೆಸಿಕೊಳ್ಳುತ್ತ ಬರೆದುಕೊಂಡ. ಯಾರ ಮೇಲೆ ದೂರು ಅಂತ ಬರೆಯಲಿ ಎಂದು ಅವನು ಕೇಳಿದ್ದಕ್ಕೆ, "ಕಡಲು ಅಂತ ಬರಿ. ಅಂವನ ಅಪ್ಪನ ಹೆಸ್ರು ನಂಗೆ ಗೊತ್ತಿಲ್ಲ," ಅಂದರು. ಸಾಹೇಬರು ನಕ್ಕು, ಹಾಡನ್ನು ಫೈಲಿನಲ್ಲಿ ಇಡಿಸುತ್ತೇನೆ ಅಂದರು. ಅವರ ಜೀಪು ಹೋದ ಮೇಲೆ ಅತ್ತಿಗೆಗೆ ಚಿಂತೆ ಹತ್ತಿತು. "ಫೈಲಿನ ಒಳಗೆ ಹಾಡಿದ್ರೆ ಅಂವಂಗೆ ಹೆಂಗೆ ಕೇಳ್ತದೆ ತಮಾ?"

ಇಷ್ಟು ಓದಿ ನೀವು ನಗುತ್ತಿರಬಹುದು. ನಗಿ. ನಾನೂ ನಗುತ್ತಿದ್ದೆ. ನನ್ನ ನಗುವಿನ ಕೆಳಗೆ ಏನಿತ್ತು ಎನ್ನುವುದನ್ನು ಇನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ನನ್ನದಲ್ಲ. ಕಡಲು ನಮ್ಮ ಹಿತ್ತಲಿಗೆ ತಾನಾಗಿ ಬಂತು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬಾಗಿಲು ತೆರೆದುಕೊಟ್ಟವನು ನಾನು.

ನನ್ನದು, ಅತ್ತಿಗೆಯದು, ಎರಡೂ ಮನೆಗಳ ಹಿತ್ತಲಿನಾಚೆ, ದಂಡೆಯ ಮರಳ ದಿಬ್ಬದ ಮೇಲೆ, ಅಜ್ಜನ ಕಾಲದಿಂದ ಒಂದು ದೊಡ್ಡ ಕೇದಗೆಯ ಹಿಂಡು ಇತ್ತು. ಮುಳ್ಳೆಲೆಯ, ಗಜಿಬಿಜಿಯ, ನೋಡಲು ಚೆಂದವಿಲ್ಲದ ಹಿಂಡು. ಅದರ ಬೇರುಗಳು ಕಡ್ಡಿಕಾಲಿನ ಮೇಲೆ ನಿಂತ ಹಾಗೆ ಮೇಲಿನಿಂದ ಇಳಿದು ಮರಳನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದವು. ಮಳೆಗಾಲದ ದೊಡ್ಡ ತೆರೆಗಳು ಆ ದಿಬ್ಬಕ್ಕೆ ಬಡಿದು ಅಲ್ಲೇ ಸುಸ್ತಾಗಿ ಬೀಳುತ್ತಿದ್ದವು. ಅತ್ತಿಗೆ ಅದರ ಎಲೆಯಲ್ಲಿ ಚಾಪೆ ಹೆಣೆಯುತ್ತಿದ್ದರು. ಶಿರಾಲಿಯಲ್ಲಿ ನನ್ನದೊಂದು ಅಂಗಡಿಯಿತ್ತು. ಅದು ಸಾಲದೆಂದು, ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ನನ್ನ ಪಾಲಿನ ಜಾಗದಲ್ಲಿ ಎರಡು ರೂಮು ಕಟ್ಟಿಸಿದೆ. 'ಸೀ ವ್ಯೂ' ಅಂತ ಬೋರ್ಡನ್ನೂ ಬರೆಸಿದೆ. ಬಂದವರೆಲ್ಲ ಕಿಟಕಿ ತೆಗೆದು, "ಎಲ್ಲಿ ಸೀ? ಬರೀ ಮುಳ್ಳು ಕಾಣುತ್ತಲ್ಲ?" ಅನ್ನತೊಡಗಿದರು.

ಆ ಬೇಸಿಗೆಯಲ್ಲಿ ಅತ್ತಿಗೆ ತಮ್ಮ ಮಗಳ ಬಾಣಂತನಕ್ಕೆಂದು ಹೊನ್ನಾವರದಾಚೆ, ಶರಾವತಿ ದಂಡೆಯ ಒಳಗಿನ ಊರಿಗೆ ಹೋಗಿದ್ದರು. ಅಣ್ಣ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಕೇಳುವವರು ಯಾರೂ ಇರಲಿಲ್ಲ. ಎರಡು ದಿನದ ಕೆಲಸ, ಅಷ್ಟೆ. ನಾಲ್ಕು ಆಳು ಇಟ್ಟು ನನ್ನ ರೂಮಿನ ಮುಂದಿನದನ್ನು ಕಡಿಸಿದೆ. ನೋಟ ಇನ್ನೂ ಅಗಲವಾದರೆ ಚೆಂದ ಅನಿಸಿತು. ಅತ್ತಿಗೆಯ ಮನೆ ಹಿಂದಿನದನ್ನೂ ಕಡಿಸಿದೆ. ಜೆಸಿಬಿ ತಂದು ದಿಬ್ಬವನ್ನೂ ಮಟ್ಟ ಮಾಡಿಸಿದೆ. ಕಿಟಕಿಯಲ್ಲಿ ಕಡಲು ಎಷ್ಟು ಚೆನ್ನಾಗಿ ಕಂಡಿತು ಅಂತೀರಿ!

ಮೊಮ್ಮಗುವಿಗೆ ತೊಟ್ಟಿಲು ಹಾಕಿ ವಾಪಸು ಬಂದ ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು ಕೇಳಿದರು. "ಯಾರು ಕಡ್ದದ್ದು ತಮಾ?"

ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯಲು ಲೈನ್‌ಮನ್ ಬರುವುದು ವಾಡಿಕೆ. ನನ್ನ ರೂಮಿಗೆಂದು ಎಳೆದ ಹೊಸ ತಂತಿ ಆ ಕಡೆಗೇ ಹಾಯ್ದಿತ್ತು. ನನ್ನ ನಾಲಿಗೆ ಒಂದು ಕ್ಷಣವೂ ತಡೆಯಲಿಲ್ಲ. "ಲೈನ್‌ಮನ್ ಬಂದು ಕಡಿಸಿ, ತಂತಿ ಕೆಳಗೆಲ್ಲ ಮಟ್ಟ ಮಾಡ್ಸಿ ಹೋದ ಅತ್ತಿಗೆ. ನಾ ಬೇಡ ಅಂದೆ, ಕೇಳ್ಲಿಲ್ಲ," ಅಂದುಬಿಟ್ಟೆ.

ಬಸ್ಸಿನಲ್ಲಿ ಕೂತು ಗೊರಕೆ ಖಾತ್ರಿ ಮಾಡಿಕೊಂಡ ಹೆಂಗಸು ನನ್ನ ಮಾತನ್ನು ಖಾತ್ರಿ ಮಾಡಿಕೊಳ್ಳಲಿಲ್ಲ. ಯಾಕೆ ಮಾಡಿಕೊಳ್ಳಬೇಕು? ಹೇಳಿದವನು ತಮ.

ಅದೇ ಬೇಸಿಗೆಯಲ್ಲಿ ನಮ್ಮ ಕೇರಿಯ ಒಂದು ಹುಡುಗಿಯ ಮದುವೆ, ಹಾಲಿನಲ್ಲಲ್ಲ, ಮನೆಯಂಗಳದ ಚಪ್ಪರದಲ್ಲೇ ಆಯಿತು. ಗಂಡಿನ ದಿಬ್ಬಣದಲ್ಲಿ ಯಾರು ಬರಬೇಕು? ಅದೇ ಲೈನ್‌ಮನ್! ಗಂಡಿನ ಚಿಕ್ಕಪ್ಪನಂತೆ. ಎಲೆಯ ಮುಂದೆ ಕೂತು ಉಪ್ಪಿನಕಾಯಿ ನೆಕ್ಕುತ್ತಿದ್ದ ಆ ಮನುಷ್ಯನ ಎದುರು ಅತ್ತಿಗೆ ಸೆರಗು ಸಿಕ್ಕಿಸಿ ನಿಂತರು:

ಕಂಬ ಹತ್ತೂ ಬೀಗಣ್ಣ, ಕತ್ತಿ ಯಾಕೆ ಹಿಡ್ದ್ಯಣ್ಣ
ಕೇದಗೆ ಹಿಂಡೆಲ್ಲ ಬೋಳಾತು
ದೀಪ ಹಚ್ಚೂಕೆ ಬಂದಂವ ಬೇರನ್ನೇ ಕಿತ್ತಂವ
ಕಡಲಿಗೆ ನಮ್ಮನೆ ಬಾಗ್ಲಾತು!

ಚಪ್ಪರ ಹಾರಿಹೋಗುವಷ್ಟು ನಗು. ಲೈನ್‌ಮನ್ ಬಾಯಿ ತೆರೆದ. "ನಾನಲ್ಲ, ನಾ ಕಡೀಲಿಲ್ಲ," ಅನ್ನಲು ಹೋದ. ಬೀಗರು ಎದುರು ಮಾತಾಡಿದರೆ ಹೆಂಗಸರು ಬಿಡುತ್ತಾರೆಯೇ? ಅದೇ ನುಡಿಯನ್ನು ಮೂರು ಸಲ ಹಾಡಿದರು! ಅವನು ನನ್ನ ಮುಖ ನೋಡಿದ. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಒಳ್ಳೆಯ ನುಡಿಗೆ ಕಾಲು ಬರುತ್ತದೆ. ಅದು ತೆಂಗಿನಗುಂಡಿಗೆ ಹೋಯಿತು, ಮಂಕಿಗೆ ಹೋಯಿತು, ಹೊನ್ನಾವರ ದಾಟಿತು. ಲೈನ್‌ಮನ್ ಕಂಬ ಹತ್ತಿದರೆ ಸಾಕು, ಕೆಳಗೆ ಮಕ್ಕಳು "ಕತ್ತಿ ಯಾಕೆ ಹಿಡ್ದ್ಯಣ್ಣ" ಅಂತ ಶುರು ಮಾಡುತ್ತಿದ್ದರು. ಕಂಬದ ಮೇಲಿರುವವನು ಓಡಿ ಹೋಗುವುದಾದರೂ ಎಲ್ಲಿಗೆ? ಬರಬರುತ್ತ ಅವನು ಮದುವೆಗಳಿಗೆ ಬರುವುದನ್ನೇ ಬಿಟ್ಟ. ಆಳು, ಜೆಸಿಬಿ ಎಲ್ಲ ಹೊರಗಿನವು, ಕೇರಿಯವರು ನಂಬಿದ್ದು ಅತ್ತಿಗೆಯ ಹಾಡನ್ನು; ನನ್ನ ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು. "ಬಾಯಿ ಬಿಟ್ಟು ಹೇಳೂಕೆ ಎಂತ ಆಗೀದು ನಿಮಗೆ?" ಅಂತ ಅವಳು ಎಷ್ಟೋ ಸಲ ಕೇಳಿದಳು. ನಾಳೆ ಹೇಳುತ್ತೇನೆ ಅಂದೆ. ಹೀಗೆ ನಾಳೆ ನಾಳೆ ಅನ್ನುತ್ತಲೇ ಒಂಬತ್ತು ವರ್ಷ!

ಅಷ್ಟರಲ್ಲಿ ಕಡಲು ನನ್ನ ಎರಡೂ ರೂಮಿನ ಬುಡ ತೋಡಿತ್ತು. ಕಡಲು ಕಾಣಬೇಕು ಅಂದವರಿಗೆ ಕಡಲೇ ಕೋಣೆಗೆ ಬಂದು ಮುಖ ತೋರಿಸುತ್ತಿತ್ತು! ರೂಮು ಮುಚ್ಚಿದೆ. ಅದು ನನಗೆ ಆಗಬೇಕಾದದ್ದೇ. ಆದರೆ ನನ್ನ ರೂಮಿನ ಪಕ್ಕದಲ್ಲಿ ಅತ್ತಿಗೆಯ ಮನೆ. ದನದ ಕೊಟ್ಟಿಗೆ ಹೋಯಿತು. ತೆರೆಯ ನೊರೆ ಅಡುಗೆಮನೆಯ ಹಿಂಗೋಡೆಗೆ ಎಂಟು ಮಾರು ದೂರಕ್ಕೆ ಬಂತು. ಈಚೆಗೆ ಎಲ್ಲ ಕಡೆಯೂ ಕಡಲು ಮುಂದೆ ಬರುತ್ತಿದೆ, ತೂಫಾನುಗಳು ಹೆಚ್ಚಾಗಿವೆ, ನಾನೊಬ್ಬನೇ ಹೊಣೆಯೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಕಳ್ಳರ ಕಾಟವಿರುವ ಊರಿನಲ್ಲಿ ಅತ್ತಿಗೆಯ ಮನೆಯ ಅಗುಳಿ ಕಿತ್ತು, ಕಳ್ಳರು ಎಲ್ಲ ಕಡೆಯೂ ಬರುತ್ತಾರಲ್ಲ ಎಂದ ಹಾಗಾಯಿತು ಅದು.

ಹೋದ ವರ್ಷ ಚಳಿಗಾಲದಲ್ಲಿ ಹೊರಗಿನಿಂದ ಕೆಲವು ಕಲಾವಿದರು ನಮ್ಮ ದಂಡೆಗೆ ಬಂದರು. ಕಡಲಿನ ಕಷ್ಟವನ್ನು ಕಲೆಯಲ್ಲಿ ತೋರಿಸುವುದು ಅವರ ಕೆಲಸವಂತೆ. ಮೈಸೂರು ಕಡೆಯ ಒಬ್ಬ ಹುಡುಗಿ, ಕಡಲು ದಂಡೆಗೆ ಎಸೆದ ಹರಕು ಬಲೆ, ಬಾಟಲಿ, ಚಪ್ಪಲಿ ಎಲ್ಲ ಒಟ್ಟುಮಾಡಿ ಲಾರಿಯಷ್ಟು ದೊಡ್ಡ ಮೀನು ಕಟ್ಟಿದಳು. ಅತ್ತಿಗೆ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು.

"ಎಂತ ಮೀನೇ ತಂಗಿ ಇದು?"

"ಇದು ಯಾವ್ದೋ ಒಂದು ಮೀನಲ್ಲ ಅಜ್ಜಿ. ಎಲ್ಲಾ ಮೀನೂ ಇದರಲ್ಲಿದೆ."

"ಎಲ್ಲಾ ಮೀನು ಒಟ್ಟಿಗೆ ಹಾಕಿದ್ರೆ ಸಾರು ಎಂತದ್ದು ಅಂತ ಹೇಳೂದು?" ಅಂದ ಅತ್ತಿಗೆ ಇದ್ದಕ್ಕಿದ್ದಂತೆ ಮೀನಿನ ಕಿವಿರಿನ ಹತ್ತಿರ ಬಾಗಿದರು. "ಏ! ಇದು ನನ್ನ ಚಪ್ಪಲಿ! ಹೋದ ಮಳೆಗಾಲ ಅಂವ ಒಯ್ದದ್ದು!"

"ಅಜ್ಜಿ, ಎಳೀಬೇಡಿ! ಪ್ಲೀಸ್, ಅದನ್ನ ಎಳೀಬೇಡಿ!"

ಎಳೆದಾಗಿತ್ತು. ಕಿವಿರು ಪೂರ್ತಿ ಜಾರಿ ಮರಳಿಗೆ ಬಿತ್ತು. ಹುಡುಗಿಯ ಕಣ್ಣಲ್ಲಿ ನೀರು. ಅತ್ತಿಗೆ ಚಪ್ಪಲಿಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, "ಅಳ್ಬೇಡ್ವೇ. ಮತ್ತೊಂದು ಕಾಲಿಂದು ಮನೇಲದೆ. ಅದನ್ನೂ ತಂದು ಕೊಡ್ತೆ, ಜೋಡಿ ಮಾಡಿ ಹೊಲಿ," ಅಂದರು. ಕೊಟ್ಟರು ಕೂಡ. ಬರಿಗಾಲಲ್ಲಿ ಮನೆಗೆ ನಡೆದರು!

ಅಂದಿನಿಂದ ಅವರಿಬ್ಬರೂ ಗೆಳತಿಯರು. ಕಡಲಿನ ನೀರು ಮೊದಲಿಗಿಂತ ಬಿಸಿಯಾಗಿದೆ, ಅದಕ್ಕೇ ಉಬ್ಬಿ ಮೇಲೆ ಬರುತ್ತಿದೆ, ತಾರ್ಲೆಯಂಥ ಮೀನು ದೂರ ಹೋಗುತ್ತಿದೆ ಅಂತ ಹುಡುಗಿ ತಿಳಿಸಿ ಹೇಳಿದಳು. ಅತ್ತಿಗೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಅಂವಂಗೆ ಜ್ವರ ಬಂದದ್ಯಾ? ಜ್ವರ ಬಂದಂವಂಗೆ ನಾ ಇಷ್ಟು ದಿನ ಬೈದ್ನಲ್ಲೇ!" ಎರಡು ಸಂಜೆ ಬೈಗುಳ ಬಂದ್. ಮೂರನೆಯ ಸಂಜೆ ಕಡಲಿಗೆ ಗಂಜಿ ಕುಡಿದು ಬೆಚ್ಚಗೆ ಮಲಗು ಎಂದು ಬುದ್ಧಿ ಹೇಳುವ ಹೊಸ ನುಡಿ! ಹುಡುಗಿ ಕುಣಿದಾಡಿದಳು. "ಅಜ್ಜಿ, ನಾವು ನೂರು ಚಪ್ಪಲಿ ಹೊಲಿದು ಹೇಳೋದನ್ನ ನೀವು ನಾಲ್ಕು ಸಾಲಲ್ಲಿ ಹೇಳ್ತೀರ. ನಿಮ್ಮ ಎಲ್ಲಾ ನುಡಿ ರೆಕಾರ್ಡ್ ಮಾಡ್ತೀವಿ, ಪುಸ್ತಕದಲ್ಲೂ ಹಾಕ್ತೀವಿ. ಇನ್ನೂ ನೂರು ವರ್ಷ ಉಳಿಯುತ್ತೆ!"

"ಕೇದಗೆ ಕಡ್ದಂವಂದೂ ಹಾಕ್ತ್ಯಾ?" ಅಂತ ಅತ್ತಿಗೆ ಕೇಳಿದರು.

"ಅದೇ ಮೊದಲು ಅಜ್ಜಿ!"

ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೆ. ನೆತ್ತಿಗೆ ಹತ್ತಿತು. ನೂರು ವರ್ಷ! ನಾನು ಸತ್ತ ಮೇಲೂ, ಲೈನ್‌ಮನ್ ಸತ್ತ ಮೇಲೂ, ಯಾರದೋ ಮೊಮ್ಮಕ್ಕಳು ಗುಂಡಿ ಒತ್ತಿದಾಗಲೆಲ್ಲ ಅವನು ಆ ಕೇದಗೆಯನ್ನು ಕಡಿಯುತ್ತಲೇ ಇರಬೇಕು!

ಮರುದಿನ ಮಧ್ಯಾಹ್ನ ಅತ್ತಿಗೆ ಹಿತ್ತಲಿನಲ್ಲಿ ಕೂತು ಶೆಟ್ಲಿಯ, ಅದೇ ಸಿಗಡಿಯ, ಸಿಪ್ಪೆ ಬಿಡಿಸುತ್ತಿದ್ದರು. ಎದುರು ಕುಕ್ಕುರುಗಾಲಿನಲ್ಲಿ ಕೂತೆ. "ಅತ್ತಿಗೆ, ಕೇದಗೆ ಕಡಿಸಿದ್ದು ಲೈನ್‌ಮನ್ ಅಲ್ಲ. ನಾನು."

ಅವರ ಬೆರಳು ನಿಲ್ಲಲಿಲ್ಲ. ಐದಾರು ಶೆಟ್ಲಿ ಬಿಡಿಸಿದರು. "ರೂಮಿಗಾ?" ಅಂದರು.

"ಹೂಂ."

"ನನ್ನ ಮನೆ ಹಿಂದಿಂದೂ ನೀನೇನಾ?"

"ಹೂಂ."

ಕಡಲಿಗೇ ಬೈದ ಬಾಯಿ. ನನಗೆ ಏನು ಕಾದಿದೆಯೋ ಅಂತ ತಲೆ ತಗ್ಗಿಸಿದೆ. ಬೈಗುಳ ಬರಲಿಲ್ಲ. ಒಂದು ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು! ಅವರು ಬಟ್ಟಲನ್ನು ಪಕ್ಕಕ್ಕಿಟ್ಟು, "ನಾ ಇಲ್ಲದ್ದನ್ನ ಹಾಡೂದಿಲ್ಲ ಅಂತ ಜನ ನಂಬಿದ್ರು ತಮಾ. ಒಂಬತ್ತು ವರ್ಷ ನನ್ನ ಬಾಯಲ್ಲಿ ಸುಳ್ಳು ಹಾಡಿಸ್ದ್ಯಲ್ಲ," ಅಂದರು. ಮನೆಯ ಮಾತಿಲ್ಲ, ಬಾವಿಯ ಮಾತಿಲ್ಲ. ಆಮೇಲೆ ಎದ್ದು, "ನಾಡಿದ್ದು ರೆಕಾಡು. ಅಂವನ್ನ ಕರ್ಕೊಂಡು ಬಾ," ಅಂದರು.

ಲೈನ್‌ಮನ್ ನಿವೃತ್ತನಾಗಿ ಶಿರಾಲಿಯ ಹತ್ತಿರ ತರಕಾರಿ ಬೆಳೆದುಕೊಂಡಿದ್ದ. ನನ್ನನ್ನು ಕಂಡವನೇ ಕೈಮುಗಿದ. "ಮತ್ತೊಂದು ಹಾಡು ಕಟ್ಟಿದ್ರಾ? ಬೇಡ ಮಾರಾಯ್ರೆ, ನನ್ನ ಬಿಟ್ಬಿಡಿ." ಬದನೆ ಸಾಲಿನ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ನೀರಿನ ಪೈಪನ್ನು ಕೆಳಗೆ ಬಿಟ್ಟು ಬದುವಿನ ಮೇಲೆ ಕೂತ.

"ಮನೇಲಿ ಹೆಂಡ್ತಿ ಸೈತ ಕೇಳ್ತು ನನ್ನ ಹತ್ರ, ನಿಜ ಹೇಳಿ, ಕಡ್ದದ್ದು ನೀವೇ ಅಲ್ವಾ ಅಂತ. ಕಡೇ ಕಡೇಗೆ ನಂಗೇ ಡೌಟು ಬಂದಿತ್ತು ಮಾರಾಯ್ರೆ. ದಿನಕ್ಕೆ ಎಷ್ಟೋ ಕೊಂಬೆ ಕಡೀತಿದ್ದೆ. ಇದನ್ನೂ ಕಡ್ದೆನಾ ಏನೋ ಅಂತ!"

ಹೇಳುತ್ತ ಹೇಳುತ್ತ ಅವನಿಗೆ ನಗು ಬಂತು. ನಗುತ್ತಲೇ ಟವಲಿನಿಂದ ಕಣ್ಣೊರೆಸಿಕೊಂಡ.

ರೆಕಾರ್ಡಿನ ದಿನ ಆ ದೊಡ್ಡ ಮೀನಿನ ಪಕ್ಕದಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದರು. ಲೈನ್‌ಮನ್ನನ್ನು ಮುಂದೆಯೇ ಕುರ್ಚಿ ಹಾಕಿ ಕೂರಿಸಿದ್ದರು. ಅತ್ತಿಗೆ ತೆಂಗಿನಮರದ್ದು ಹಾಡಿದರು, ಚಾಳೀಸಿನದು ಹಾಡಿದರು, ಜ್ವರದ್ದು ಹಾಡಿದರು. ಹೆಂಗಸರು ಅಭ್ಯಾಸಬಲದಿಂದ "ಕಂಬ ಹತ್ತೂ" ಅಂತ ಎತ್ತಿಕೊಂಡರು. ಅತ್ತಿಗೆ ಕೈಯೆತ್ತಿ ನಿಲ್ಲಿಸಿದರು. ಲೈನ್‌ಮನ್ ಕಡೆ ತಿರುಗಿ ಕೈಮುಗಿದು ಹಾಡಿದರು:

ಕಂಬದ ಮೇಲಿನ ಅಣ್ಣ ಕಡಿದದ್ದು ಅಲ್ಲಣ್ಣ
ಸುಳ್ಳಿನ ಹಾಡು ನಂದಾತು
ಕೇದಗೆ ಕಡಿದಂವ ನಮ್ಮನೆ ತಮನಂತೆ
ಸಾಕಿ ಬೆಳೆಸಿದವ್ಳು ನಾನಂತೆ!

ಯಾರೂ ನಗಲಿಲ್ಲ. ಬೀಗರ ಹಾಡಿನಲ್ಲಿ ಹಾಡುವವಳು ತನ್ನನ್ನೇ ಹಂಗಿಸಿಕೊಂಡದ್ದನ್ನು ನಮ್ಮ ಊರು ಅದಕ್ಕೆ ಮುಂಚೆ ಕೇಳಿರಲಿಲ್ಲ. ನಾನು ಎದ್ದು ನಿಂತೆ. ಮತ್ತೆ ಕೂತೆ. ಆ ನುಡಿ ಈಗ ಪುಸ್ತಕದಲ್ಲಿದೆ. ನೂರು ವರ್ಷ ಇರಲಿ. ಆದರೆ ಅದರ ನಾಲ್ಕನೆಯ ಸಾಲಿನಲ್ಲಿ ಅತ್ತಿಗೆ ಯಾಕಿರಬೇಕು? ಅದನ್ನಾದರೂ ತೆಗೆಯಿರಿ ಅಂತ ಆ ಹುಡುಗಿಯನ್ನು ಕೇಳಿಕೊಂಡೆ. "ಅಜ್ಜಿ ಒಪ್ಪಲ್ಲ," ಅಂದಳು.

ಇಲ್ಲಿಗೆ ನನ್ನ ತಪ್ಪೊಪ್ಪಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನ ಹೆಂಡತಿಗೂ ಹೇಳದ ಇನ್ನೊಂದು ಸುಳ್ಳಿದೆ.

ಈ ಸಲ ಮಳೆಗಾಲಕ್ಕೆ ಮುಂಚೆಯೇ ಮಗಳು ಬಂದು ಅತ್ತಿಗೆಯನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಕಡಲು ಕಾಣದ, ಕೇಳದ ಊರು. ಎಪ್ಪತ್ತು ದಾಟಿದ ಮೊಣಕಾಲು. ಇನ್ನು ವಾಪಸು ಬರುವ ಹಾಗಿಲ್ಲ ಅಂತ ಅವರಿಗೂ ಗೊತ್ತು. ವಾರಕ್ಕೊಮ್ಮೆ ಮಗಳ ಫೋನಿನಿಂದ ಮಾತಾಡುತ್ತಾರೆ. ನನ್ನ ಆರೋಗ್ಯ ಕೇಳುವುದು ಆಮೇಲೆ. ಮೊದಲ ಪ್ರಶ್ನೆ, "ಅಂವ ಎಲ್ಲಿವರೆಗೆ ಬಂದ?"

ಹೋದ ವಾರ ಕೇಳಿದಾಗ ನಾನು ಅವರ ಅಡುಗೆಮನೆಯಲ್ಲಿದ್ದೆ. ಅಡುಗೆಮನೆ ಅಂದರೆ, ಹಿಂಗೋಡೆ ಬಿದ್ದು ಮೂರು ದಿನವಾಗಿತ್ತು. ಮಾಡಿನ ಹಂಚು ಅರ್ಧ ಮರಳಿನಲ್ಲಿ. ಒಲೆಯ ಕಲ್ಲು ಮಾತ್ರ ಇನ್ನೂ ಕದಲಿರಲಿಲ್ಲ. ಅದರ ಪಕ್ಕ, ಅವರು ಕೂತು ನನಗೆ ಬಡಿಸುತ್ತಿದ್ದ ಜಾಗದಲ್ಲಿ, ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದೆ.

"ಅಲ್ಲೇ ಇದ್ದ ಅತ್ತಿಗೆ. ಅಡುಗೆಮನೆ ತಂಕ ಬರ್ಲಿಲ್ಲ," ಅಂದೆ.

"ಹೌದಾ! ಈ ಮಳೆಗೂ ಬರ್ಲಿಲ್ವಾ?"

"ಇಲ್ಲ."

ಒಮ್ಮೆಲೇ ಅವರ ದನಿ ಹದಿನೆಂಟರ ಹುಡುಗಿಯ ದನಿಯಾಗಿತ್ತು. "ಹಂಗಾರೆ ಹಾಡು ತಾಗ್ತು ತಮಾ ಅಂವಂಗೆ! ಎಷ್ಟು ವರ್ಷ ಹಾಡ್ದೆ, ತಾಗ್ತು ಕಾಣು!"

ಮದುವೆ ಮುಗಿದು ದಿಬ್ಬಣ ಹೊರಡುವಾಗ, ಬೈದ ಹೆಂಗಸರೇ ಬೀಗರನ್ನು ಹೊಗಳಿ ಒಂದು ನುಡಿ ಹಾಡಿ ಕಳಿಸಬೇಕು. ಅದಿಲ್ಲದೆ ಹಾಡು ಮುಗಿಯುವುದಿಲ್ಲ. "ಫೋನು ಅಂವನ ಕಡೆಗೆ ಹಿಡಿ," ಅಂದರು. ಹಿಡಿದೆ.

ಹೋಗಿ ಬಾ ಬೀಗಣ್ಣ, ಹೊಟ್ಟೆ ತಂಪಾಗಿರಲಿ
ಆಡಿದ ಮಾತೆಲ್ಲ ನಗೆಗಣ್ಣ
ಬಾಗಿಲ ತಂಕ ಬಂದು ಒಳಬಾರದೆ ಹೋದೆ
ನಿನ್ನಂಥ ಬೀಗ ಯಾರಣ್ಣ

ಒಂದು ತೆರೆ ಒಳಗೆ ಬಂದು, ಒಲೆಯ ಕಲ್ಲಿನ ಸುತ್ತ ಒಮ್ಮೆ ತಿರುಗಿ, ಹೊರಗೆ ಹೋಯಿತು.

"ಕೇಳ್ತಾ ಅಂವಂಗೆ?" ಅಂತ ಅತ್ತಿಗೆ ಕೇಳಿದರು.

"ಕೇಳ್ತು ಅತ್ತಿಗೆ," ಅಂದೆ.